ಯೂಟ್ಯೂಬಾ, ಇನ್‌ಸ್ಟಾನಾ, ವಾಟ್ಸಾಪಾ? ನಿಮ್ಮ ಕೆಲಸಕ್ಕೆ ಯಾವುದು ಸರಿ

ಅಡುಗೆ ಚೆನ್ನಾಗಿ ಮಾಡುವವರನ್ನು ಕಂಡರೆ ‘ಒಂದು ಚಾನೆಲ್ ಶುರು ಮಾಡಿ’ ಅನ್ನುತ್ತೇವೆ. ಸೀರೆ ಅಂಗಡಿಯವರಿಗೆ ‘ರೀಲ್ಸ್ ಹಾಕಿ’ ಅನ್ನುತ್ತೇವೆ. ಊರಿನ ಯಕ್ಷಗಾನ ಸಂಘದವರಿಗೆ ‘ಲೈವ್ ಕೊಡಿ, ಅಮೆರಿಕದಲ್ಲಿರೋರೂ ನೋಡ್ತಾರೆ’ ಅನ್ನುತ್ತೇವೆ. ಸಲಹೆ ಕೊಡಲು ಖರ್ಚೇನೂ ಇಲ್ಲ. ಆದರೆ ಈ ಮೂವರಿಗೆ ಬೇಕಾದದ್ದು ಬೇರೆ ಬೇರೆ. ಅಡುಗೆಯವರಿಗೆ ನೋಡುಗರು ಬೇಕು. ಅಂಗಡಿಯವರಿಗೆ ಬೇಕಾದದ್ದು ಗಿರಾಕಿ, ಸುಮ್ನೆ ನೋಡಿ ಹೋಗುವವರಲ್ಲ. ಸಂಘದವರಿಗೆ ಬಳಗ ಬೇಕು. ಮೂರೂ ಒಂದೇ ಆಪ್‌ನಲ್ಲಿ ಸಿಗುತ್ತದೆ ಅಂತ ನಂಬಿ ಹೊರಟವರೇ ಕೆಲವು ತಿಂಗಳಾದ ಮೇಲೆ ‘ಇದೆಲ್ಲ ನಮಗಲ್ಲ ಬಿಡಿ’ ಅಂತ ಕೈಬಿಡುವುದು.

ಹಾಗಂತ ಈ ಕಡೆ ತಿರುಗಿಯೂ ನೋಡದೆ ಇರುವ ಕಾಲವೂ ಅಲ್ಲ ಇದು. 2024ರಲ್ಲಿ ಭಾರತದ ಮಾಧ್ಯಮ ಮತ್ತು ಮನರಂಜನೆ ಉದ್ಯಮದಲ್ಲಿ ಡಿಜಿಟಲ್ ಮೊದಲ ಸಲ ಟಿವಿಯನ್ನು ಹಿಂದೆ ಹಾಕಿತು. ಉದ್ಯಮಿಗಳ ಒಕ್ಕೂಟ ಫಿಕ್ಕಿ ಮತ್ತು ಸಲಹಾ ಸಂಸ್ಥೆ ಇವೈ ವರದಿ ಪ್ರಕಾರ ಒಟ್ಟು ಆದಾಯದಲ್ಲಿ ಡಿಜಿಟಲ್ ಪಾಲು ಶೇಕಡಾ 32. ಜಾಹೀರಾತಿನ ದುಡ್ಡು ಎಲ್ಲಿಗೆ ಹೋಗುತ್ತದೋ ಮನರಂಜನೆಯೂ ಅಲ್ಲಿಗೇ ಹೋಗುತ್ತದೆ. ಅದರ ಹಿಂದೆ ಜನರ ಹರಟೆಯೂ ಹೋಗುತ್ತದೆ.

ಹಾಗಾಗಿ ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ನನಗೆ ಮುಖ್ಯವಾಗಿ ಬೇಕಾದದ್ದು ನೋಡುಗರಾ, ಗಿರಾಕಿಯಾ, ಬಳಗವಾ? ಒಂದನ್ನು ಮಾತ್ರ ಆರಿಸಿ. ಮಿಕ್ಕೆರಡು ಆಮೇಲೆ ಬಂದರೆ ಬರಲಿ. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ. ಇನ್ನೊಂದು ಮಾತು. ನಾನಿಲ್ಲಿ ಹೇಳುವ ನಿಯಮಗಳನ್ನು ಕಂಪನಿಗಳು ಆಗಾಗ ಬದಲಿಸುತ್ತವೆ. ಕೈಹಾಕುವ ಮುಂಚೆ ಆಯಾ ಆಪ್‌ನ ಸಹಾಯದ ಪುಟವನ್ನು ಒಮ್ಮೆ ನೋಡಿ.

ಉದ್ದದ ವಿಡಿಯೋ: ಯೂಟ್ಯೂಬ್

ನೀವು ಹೇಳಬೇಕಾದದ್ದಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಬೇಕೇ? ಹಾಗಾದರೆ ಯೂಟ್ಯೂಬ್ ಬಿಟ್ಟು ಬೇರೆ ಯೋಚನೆ ಬೇಡ. ಇದಕ್ಕೆ ಕಾರಣ ಹುಡುಕಾಟ. ಮಲೆನಾಡಿನಲ್ಲಿ ಪ್ರತಿ ಮಳೆಗಾಲ ಅಡಿಕೆಗೆ ಕೊಳೆರೋಗ ಬರುತ್ತದೆ. ಪ್ರತಿ ಮಳೆಗಾಲವೂ ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ ಅಂತ ಹುಡುಕುವವರು ಇರುತ್ತಾರೆ. ಇದರ ಮೇಲೆ ಸರಿಯಾಗಿ ಮಾಡಿದ ಒಂದು ವಿಡಿಯೋ ಮೂರು ವರ್ಷ ಹಳೆಯದಾದರೂ ಜೂನ್ ಬಂತೆಂದರೆ ಮತ್ತೆ ಎದ್ದು ಕೂರುತ್ತದೆ. ಬೇರೆ ಯಾವ ಆಪ್‌ನಲ್ಲೂ ಹಳೆಯ ಕೆಲಸಕ್ಕೆ ಈ ಭಾಗ್ಯ ಇಲ್ಲ.

ದುಡ್ಡಿನ ಲೆಕ್ಕವೂ ಇಲ್ಲಿ ಬೇರೆ ಕಡೆಗಿಂತ ಸ್ಪಷ್ಟ. ಉದ್ದದ ವಿಡಿಯೋ ಮೇಲೆ ಬರುವ ಜಾಹೀರಾತಿನ ಆದಾಯದಲ್ಲಿ ಶೇಕಡಾ 55 ವಿಡಿಯೋ ಮಾಡಿದವರಿಗೆ ಸೇರುತ್ತದೆ. ಅದಕ್ಕೆ 1,000 ಸಬ್‌ಸ್ಕ್ರೈಬರ್‌ಗಳು ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ (ಯೂಟ್ಯೂಬ್‌ನ ಚುಟುಕು ವಿಡಿಯೋಗಳಿಗೆ) 1 ಕೋಟಿ ವ್ಯೂಸ್ ಬಂದಿರಬೇಕು. ಎರಡರಲ್ಲಿ ಯಾವುದು ಸುಲಭ?

ಲೆಕ್ಕ ಹಾಕಿ ನೋಡೋಣ. 4,000 ಗಂಟೆ ಅಂದರೆ 2 ಲಕ್ಷ 40 ಸಾವಿರ ನಿಮಿಷ. ನಿಮ್ಮ ವಿಡಿಯೋವನ್ನು ಜನ ಸರಾಸರಿ 4 ನಿಮಿಷ ನೋಡಿದರೆ 60 ಸಾವಿರ ವ್ಯೂಸ್ ಸಾಕು. ಅದೂ ಎಲ್ಲ ವಿಡಿಯೋ ಸೇರಿ, ಇಡೀ ವರ್ಷದಲ್ಲಿ. ಇನ್ನೊಂದು ದಾರಿಯಲ್ಲಿ ಮೂರು ತಿಂಗಳಲ್ಲಿ 1 ಕೋಟಿ ಬೇಕು. 2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದವರು ಸುಮಾರು 4.37 ಕೋಟಿ ಜನ. ಒಬ್ಬರೇ ಹಲವು ಸಲ ನೋಡಬಹುದು, ನಿಜ. ಆದರೂ ಹಿಂದಿಯವರಿಗೆ ಹೊಂದುವ ಶಾರ್ಟ್ಸ್ ದಾರಿ ಕನ್ನಡದವರಿಗೂ ಹಾಗೇ ಹೊಂದುತ್ತದೆ ಅನ್ನುವುದು ತಪ್ಪು. ಸಣ್ಣ ಮಾರುಕಟ್ಟೆಯ ಭಾಷೆಗೆ ಉದ್ದದ ವಿಡಿಯೋನೇ ಲಾಭ. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ‘ಡಾಕ್ಟರ್ ಬ್ರೋ’ ಗಗನ್ ಶ್ರೀನಿವಾಸ್ ದೇಶ ವಿದೇಶ ಸುತ್ತುತ್ತಾ ಅಪ್ಪಟ ಕನ್ನಡದಲ್ಲಿ ಮಾತಾಡಿ ಬೆಳೆದದ್ದು ಇಂಥ ಉದ್ದದ ವಿಡಿಯೋಗಳಿಂದಲೇ.

ವಿಡಿಯೋ 8 ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ಹಾಕಬಹುದು. ಅದಕ್ಕೇ ಎಷ್ಟೋ ಅಡುಗೆ ವಿಡಿಯೋಗಳಲ್ಲಿ ಈರುಳ್ಳಿ ಹೆಚ್ಚುವುದನ್ನು ಪೂರ್ತಿ ತೋರಿಸುತ್ತಾರೆ! 4 ನಿಮಿಷದ ಸಾರನ್ನು 8 ನಿಮಿಷಕ್ಕೆ ಎಳೆದರೆ ಜನ ಅರ್ಧದಲ್ಲೇ ಎದ್ದುಹೋಗುತ್ತಾರೆ. ಆಗ ವಿಡಿಯೋ ಹರಡುವುದೂ ನಿಲ್ಲುತ್ತದೆ.

ಹೊರನಾಡಿನ ಕನ್ನಡಿಗರು ನಿಮ್ಮ ಚಾನೆಲ್ ನೋಡುತ್ತಾರೆ ಅಂದರೆ ಖುಷಿಯ ವಿಷಯ. ಅಮೆರಿಕದಲ್ಲಿ ಜಾಹೀರಾತಿನ ದರ ಜಾಸ್ತಿ, ಹಾಗಾಗಿ ಅಲ್ಲಿಂದ ಬರುವ ಒಂದು ವ್ಯೂ ಇಲ್ಲಿನದಕ್ಕಿಂತ ಹೆಚ್ಚು ಗಳಿಸುತ್ತದೆ. ಆದರೆ ಅಲ್ಲಿನ ನೋಡುಗರಿಂದ ಬಂದ ಗಳಿಕೆಗೆ ಅಲ್ಲಿನ ತೆರಿಗೆ ಇದೆ. ಗೂಗಲ್ ಜಾಹೀರಾತಿನ ಹಣ ಕೊಡುವ ಆಡ್‌ಸೆನ್ಸ್ ಖಾತೆಯಲ್ಲಿ ತೆರಿಗೆಯ ಫಾರ್ಮ್ ತುಂಬಿದರೆ ಎರಡು ದೇಶಗಳ ಒಪ್ಪಂದದಂತೆ ಅಮೆರಿಕದ ಭಾಗಕ್ಕೆ ಮಾತ್ರ ಶೇಕಡಾ 15 ಕಡಿತ. ತುಂಬದೆ ಬಿಟ್ಟರೆ ಎಲ್ಲ ದೇಶದ ಗಳಿಕೆಯಿಂದಲೂ ಶೇಕಡಾ 24ರವರೆಗೆ ಕತ್ತರಿ. ಹತ್ತು ನಿಮಿಷದ ಕೆಲಸ, ಮುಂದೂಡಬೇಡಿ. ಇನ್ನು, ಖಾತೆಯಲ್ಲಿ 100 ಡಾಲರ್ ಸೇರುವ ತನಕ ಹಣ ನಿಮ್ಮ ಬ್ಯಾಂಕಿಗೆ ಬರುವುದಿಲ್ಲ. ಮೊದಲ ಬಾರಿ ಅದು ಸೇರಲು ತಿಂಗಳುಗಟ್ಟಲೆ ಹಿಡಿಯಬಹುದು.

ಯಕ್ಷಗಾನ, ನಾಟಕ, ಹರಿಕಥೆಯವರಿಗೆ ಎರಡು ಮಾತು. ಇಡೀ ರಾತ್ರಿಯ ಆಟವನ್ನು ಲೈವ್ ಕೊಟ್ಟು ಹಾಗೇ ಬಿಟ್ಟರೆ ಆರೇಳು ಗಂಟೆಯ ವಿಡಿಯೋ ಉಳಿಯುತ್ತದೆ. ಹರಕೆ ಹೇಳಿಕೊಂಡ ಮನೆಯವರು, ದುಬೈಯಲ್ಲಿರುವ ಅವರ ಮಗ ನೋಡುತ್ತಾರೆ. ಬೇರೆಯವರು ನೋಡುವುದು ಕಷ್ಟ. ಅದನ್ನು ಹಾಗೇ ಇಡಿ. ಜೊತೆಗೆ ಒಳ್ಳೆಯ ಪದ್ಯ, ಒಂದು ಪ್ರವೇಶ, ಒಂದು ಹಾಸ್ಯ ಅಂತ ಬಿಡಿಸಿ ಹಾಕಿ. ಹೆಸರಿಡುವಾಗ ಪ್ರಸಂಗ, ಭಾಗವತರು, ವೇಷಧಾರಿ ಮೂವರನ್ನೂ ಕನ್ನಡದಲ್ಲಿ ಬರೆಯಿರಿ. ಯಕ್ಷಗಾನದ ಅಭಿಮಾನಿ ಹುಡುಕುವುದು ಭಾಗವತರ ಹೆಸರಿನಿಂದ. ‘ಸೂಪರ್ ಯಕ್ಷಗಾನ ಮಿಸ್ ಮಾಡಬೇಡಿ’ ಅಂತ ಯಾರೂ ಹುಡುಕುವುದಿಲ್ಲ. ಹಾಕುವ ಮುಂಚೆ ಮೇಳದವರ, ಕಲಾವಿದರ ಒಪ್ಪಿಗೆ ಪಡೆಯಿರಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಪ್ರದರ್ಶನ ಕೊಟ್ಟವರಿಗೂ 50 ವರ್ಷದ ಹಕ್ಕು ಕೊಟ್ಟಿದೆ.

ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕುವ ಚಟ ಇದ್ದರೆ ಬಿಟ್ಟುಬಿಡಿ. ಯೂಟ್ಯೂಬ್‌ನ ಯಂತ್ರ ಹಾಡನ್ನು ಗುರುತಿಸಿದರೆ ಆ ವಿಡಿಯೋದ ದುಡ್ಡು ಹಾಡಿನ ಕಂಪನಿಗೆ ಹೋಗುತ್ತದೆ. ಇನ್ನೊಂದು ದೊಡ್ಡ ಅಪಾಯ ಸ್ಟ್ರೈಕ್, ಅಂದರೆ ಹಕ್ಕುದಾರರು ದೂರು ಕೊಟ್ಟಾಗ ಚಾನೆಲ್ ಮೇಲೆ ಬೀಳುವ ಎಚ್ಚರಿಕೆ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು.

ಪಾಡ್‌ಕಾಸ್ಟ್ ಬಗ್ಗೆಯೂ ಕೇಳುತ್ತಾರೆ. ಕನ್ನಡದಲ್ಲಿ ‘ತಲೆ-ಹರಟೆ’ಯಂಥ ಪಾಡ್‌ಕಾಸ್ಟ್‌ಗಳು ಗಂಭೀರ ಮಾತುಕತೆಗೂ ಕೇಳುಗರಿದ್ದಾರೆ ಅಂತ ತೋರಿಸಿವೆ. ಮಾತೇ ನಿಮ್ಮ ಬಂಡವಾಳ ಆಗಿದ್ದರೆ ಮಾಡಿ. ಆದರೆ ಬರೀ ಧ್ವನಿಯನ್ನು ನಂಬಿ ಕೂರಬೇಡಿ, ಅದನ್ನೇ ಯೂಟ್ಯೂಬ್‌ಗೂ ಹಾಕಿ. ಹೊಸಬರು ಅಲ್ಲೇ ಸಿಗುವುದು.

ಚುಟುಕು ವಿಡಿಯೋ: ರೀಲ್ಸ್, ಶಾರ್ಟ್ಸ್

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮ್ ರೀಲ್ಸ್ ಇಲ್ಲಿಗೆ ಬಂತು. ಬೆಂಗಳೂರಿನ ಶೇರ್‌ಚಾಟ್ ‘ಮೋಜ್’ ತಂದಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಮೊದಲು ಭಾರತದಲ್ಲೇ ಶುರುವಾಯಿತು. ಈ ಓಟದಲ್ಲಿ ಕೊನೆಗೆ ಉಳಿದ ದೊಡ್ಡವು ರೀಲ್ಸ್ ಮತ್ತು ಶಾರ್ಟ್ಸ್.

ಇನ್‌ಸ್ಟಾಗ್ರಾಮ್ ಅಂದರೆ ಜಾತ್ರೆ. ಕಣ್ಣಿಗೆ ಬಿದ್ದದ್ದನ್ನು ಜನ ನಿಂತು ನೋಡುತ್ತಾರೆ, ಮುಂದಕ್ಕೆ ಹೋಗುತ್ತಾರೆ, ಹೆಸರು ಕೇಳುವವರು ಕಡಿಮೆ. ಒಂದು ರೀಲಿನ ಆಯಸ್ಸು ಸಾಮಾನ್ಯವಾಗಿ ಕೆಲವೇ ದಿನ. ಯೂಟ್ಯೂಬ್‌ನಂತೆ ಅರ್ಹತೆ ಮುಟ್ಟಿದ ಎಲ್ಲರಿಗೂ ಜಾಹೀರಾತಿನ ಪಾಲು ಹಂಚುವ ಪದ್ಧತಿ ಇಲ್ಲಿಲ್ಲ. ಇಲ್ಲಿ ದುಡ್ಡು ಬರುವುದು ಬ್ರ್ಯಾಂಡ್‌ಗಳ ಜೊತೆ ಕೊಲಾಬ್ ಮಾಡಿದರೆ, ಅಂದರೆ ದುಡ್ಡು ಪಡೆದು ಅವರ ಸರಕಿನ ಪ್ರಚಾರ ಮಾಡಿದರೆ, ಇಲ್ಲವೇ ನಿಮ್ಮದೇ ಸರಕು ಮಾರಿದರೆ. ಶಾರ್ಟ್ಸ್‌ನಲ್ಲಿ ಪಾಲು ಇದೆ, ಶೇಕಡಾ 45. ಆದರೆ ಎಲ್ಲರ ಶಾರ್ಟ್ಸ್ ನಡುವೆ ಬರುವ ಜಾಹೀರಾತಿನ ಹಣವನ್ನು ಒಟ್ಟುಮಾಡಿ, ಹಾಡಿನ ಖರ್ಚು ಕಳೆದು ಹಂಚುವುದರಿಂದ ಕೈಗೆ ಬರುವುದು ಪುಡಿಗಾಸು.

ಹಾಗಾದರೆ ರೀಲ್ಸ್ ಯಾರಿಗೆ? ಕಣ್ಣಿಗೆ ಕಟ್ಟುವ ಸರಕು ಇರುವವರಿಗೆ. ಇಳಕಲ್ ಸೀರೆಯ ಸೆರಗು, ಚನ್ನಪಟ್ಟಣದ ಗೊಂಬೆ, ಮೆಹಂದಿ, ಕೇಕ್, ಹೋಮ್‌ಸ್ಟೇ ಮುಂದಿನ ಮಂಜು. ಇವಕ್ಕೆಲ್ಲ ಅರ್ಧ ನಿಮಿಷ ಸಾಕು. ಅಂಗಡಿಯವರಿಗೆ ನಾನು ಕಣ್ಣು ಮುಚ್ಚಿಕೊಂಡು ರೀಲ್ಸನ್ನೇ ಹೇಳುತ್ತೇನೆ. ಅದೇ ರೀಲನ್ನು ಫೇಸ್‌ಬುಕ್‌ಗೂ ಕಳಿಸುವ ಆಯ್ಕೆ ಇದೆ, ತಪ್ಪದೆ ಬಳಸಿ. ಸೀರೆ ಬೆಲೆ ಕೇಳುವವರಲ್ಲಿ ಎಷ್ಟೋ ಮಂದಿ ನಲವತ್ತು ದಾಟಿದವರು, ಅವರು ಇನ್ನೂ ಫೇಸ್‌ಬುಕ್‌ನಲ್ಲೇ ಇದ್ದಾರೆ.

ಅಂಗಡಿಯವರು ಎಡವುವ ಎರಡು ಜಾಗಗಳನ್ನು ಹೇಳಿಬಿಡುತ್ತೇನೆ. ಇನ್‌ಸ್ಟಾಗ್ರಾಮ್ ಖಾತೆಯನ್ನು ‘ಬಿಸಿನೆಸ್’ ಮಾಡಿಕೊಂಡರೆ ಜನಪ್ರಿಯ ಸಿನಿಮಾ ಹಾಡುಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಯಾಕೆಂದರೆ ಆ ಹಾಡುಗಳ ಅನುಮತಿ ವ್ಯಾಪಾರಕ್ಕೆ ಇರುವುದಿಲ್ಲ. ಹಾಡಿಲ್ಲದೆ ನಡೆಯಲ್ಲ ಅನ್ನಬೇಡಿ. ಬಟ್ಟೆಯ ಗುಣ, ಬೆಲೆ, ತೊಳೆಯುವ ರೀತಿಯನ್ನು ನಿಮ್ಮ ದನಿಯಲ್ಲೇ ಹೇಳಿ, ಅದೇ ಜಾಸ್ತಿ ಕೆಲಸ ಮಾಡುತ್ತದೆ. ಎರಡನೆಯದು, ರೀಲಿನ ಕೆಳಗೆ ಬರೆಯುವ ಜಾಗದಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ. ವಾಟ್ಸಾಪ್ ಲಿಂಕನ್ನು ಪ್ರೊಫೈಲಿನಲ್ಲಿ ಇಡಿ. ‘ಬೆಲೆಗೆ ಡಿಎಂ (ಖಾಸಗಿ ಮೆಸೇಜ್) ಮಾಡಿ’ ಅಂತ ಬರೆಯುವ ಬದಲು ಬೆಲೆಯನ್ನೇ ಬರೆಯಿರಿ. ಬೆಲೆ ಮುಚ್ಚಿಟ್ಟರೆ ಕೇಳಲು ಸಂಕೋಚಪಡುವ ಗಿರಾಕಿ ಹಾಗೇ ಹೊರಟುಹೋಗುತ್ತಾರೆ.

ಬಳಗ ಎಲ್ಲಿ ಕಟ್ಟುವುದು?

ಇಲ್ಲಿ ಆಯ್ಕೆಗಳು ಜಾಸ್ತಿ, ಗೊಂದಲವೂ ಜಾಸ್ತಿ. ವಾಟ್ಸಾಪ್ ಗ್ರೂಪ್, ವಾಟ್ಸಾಪ್ ಚಾನೆಲ್, ಟೆಲಿಗ್ರಾಂ, ಫೇಸ್‌ಬುಕ್ ಗ್ರೂಪ್. ಎಲ್ಲವೂ ಗುಂಪೇ, ಆದರೆ ಗುಣ ಬೇರೆ.

ವಾಟ್ಸಾಪ್ ಗ್ರೂಪಿಗೆ 1,024 ಜನರನ್ನು ಸೇರಿಸಬಹುದು. ಸೇರಿಸಬಹುದು ಅಂತ ಸೇರಿಸಬೇಡಿ. ನೂರಿನ್ನೂರು ದಾಟಿದ ಮೇಲೆ ಗುಡ್ ಮಾರ್ನಿಂಗ್ ಹೂವುಗಳೇ ಗ್ರೂಪನ್ನು ಆಳುತ್ತವೆ, ಕೆಲಸದ ಮಾತು ಮುಳುಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಹೆಚ್ಚಿರುವ ಕಸೂತಿ, ಕೈತೋಟ, ಓದುಗರ ಬಳಗಗಳಿಗೆ ಇದು ಸಣ್ಣ ವಿಷಯ ಅಲ್ಲ. ಯಾರೋ ಒಬ್ಬ ಸೇರಿಕೊಂಡು ಒಬ್ಬೊಬ್ಬರಿಗೇ ಮೆಸೇಜ್ ಮಾಡತೊಡಗಿದರೆ ಬಳಗ ಒಡೆಯಲು ಅಷ್ಟೇ ಸಾಕು.

2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಚಾನೆಲ್‌ನಲ್ಲಿ ಈ ತೊಂದರೆ ಇಲ್ಲ. ಫಾಲೋ ಮಾಡುವವರ ನಂಬರ್ ಬೇರೆ ಫಾಲೋವರ್‌ಗಳಿಗೆ ಕಾಣುವುದಿಲ್ಲ. ಆದರೆ ಅದು ಒಮ್ಮುಖ. ನೀವು ಹೇಳುತ್ತೀರಿ, ಅವರು ಒಂದು ಎಮೋಜಿ ಒತ್ತುತ್ತಾರೆ, ಮುಗಿಯಿತು. ‘ಇವತ್ತು ಯಾವ ಮೇಳದ ಆಟ ಎಲ್ಲಿ’ ಅಂತ ದಿನಾ ಪಟ್ಟಿ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಿನ್ನೆಯ ಆಟದ ಕರ್ಣನ ವೇಷ ಹೇಗಿತ್ತು ಅಂತ ಜಗಳ ಆಡಲು ಇದು ಆಗುವುದಿಲ್ಲ. ಬಳಗ ಅಂದರೆ ಆ ಜಗಳವೇ ಅಲ್ವಾ?

ವಾಟ್ಸಾಪ್‌ನ ಹಳೆಯ ಬ್ರಾಡ್‌ಕಾಸ್ಟ್ ಲಿಸ್ಟ್ ಮರೆತೇಹೋಗಿದೆ, ಸಣ್ಣ ವ್ಯಾಪಾರಿಗಳಿಗೆ ಅದು ಇನ್ನೂ ಒಳ್ಳೆಯದು. ಒಂದು ಪಟ್ಟಿಯಲ್ಲಿ 256 ಜನ, ಪ್ರತಿಯೊಬ್ಬರಿಗೂ ಬೇರೆಯಾಗಿ ಬಂದ ಮೆಸೇಜಿನಂತೆ ಕಾಣುತ್ತದೆ. ಒಂದೇ ಷರತ್ತು: ಅವರು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ತಲುಪುವುದೇ ಇಲ್ಲ. ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಸ್ಟಾಕ್ ಬಂದಾಗ ತಿಳಿಸ್ತೀವಿ’ ಅಂತ ಹೇಳುವುದು ಇದಕ್ಕೇ.

ಟೆಲಿಗ್ರಾಂ ಗ್ರೂಪಿನಲ್ಲಿ 2 ಲಕ್ಷ ಜನ ಹಿಡಿಸುತ್ತಾರೆ. ನಂಬರ್ ಮುಚ್ಚಿಡಬಹುದು. ತೆರೆದ ಗುಂಪಾದರೆ ಹೊಸದಾಗಿ ಸೇರಿದವರಿಗೂ ಹಳೆಯ ಮಾತು, ಹಳೆಯ ಫೈಲ್ ಎಲ್ಲ ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ನೋಟ್ಸ್ ಹಂಚಲು ಇದನ್ನೇ ಹಿಡಿದಿರುವುದು ಇದರಿಂದ. ಕೆಟ್ಟ ಹೆಸರೂ ಇದೆ. ಹೊಸ ಸಿನಿಮಾಗಳ ಕಳ್ಳ ಪ್ರತಿ ಹರಡುವುದೂ ಇಲ್ಲೇ. ನಮ್ಮ ಅತ್ತೆ, ಚಿಕ್ಕಪ್ಪ ಇರುವ ಬಳಗವನ್ನು ಟೆಲಿಗ್ರಾಂಗೆ ಕರೆದೊಯ್ಯಲು ಹೋದರೆ ಅರ್ಧ ಜನ ದಾರಿಯಲ್ಲೇ ಉಳಿಯುತ್ತಾರೆ.

ಫೇಸ್‌ಬುಕ್ ಹಳತಾಯಿತು ಅಂತ ಹುಡುಗರು ನಗುತ್ತಾರೆ. ನಗಲಿ. ಒಂದು ವಿಷಯದ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಬೇಕು, ಅದು ಆಮೇಲೆ ಹುಡುಕಿದರೆ ಸಿಗಬೇಕು ಅಂದರೆ ಫೇಸ್‌ಬುಕ್ ಗ್ರೂಪೇ ವಾಸಿ. ಗಿಡಕ್ಕೆ ಬಂದ ರೋಗದ ಫೋಟೋ ಹಾಕಿದರೆ ಕೆಳಗೆ ಇಪ್ಪತ್ತು ಉತ್ತರ ಒಂದೇ ಕಡೆ ಕೂರುತ್ತವೆ. ವಾಟ್ಸಾಪ್‌ನಲ್ಲಿ ಆ ಇಪ್ಪತ್ತು ಉತ್ತರಗಳ ನಡುವೆ ಮೂರು ಹುಟ್ಟುಹಬ್ಬ ಬಂದಿರುತ್ತವೆ. ಸೇರುವವರಿಗೆ ಮೂರು ಪ್ರಶ್ನೆ ಕೇಳುವ ಸೌಲಭ್ಯವನ್ನು ಬಳಸಿ. ‘ನಿಮ್ಮ ಮನೆಯಲ್ಲಿ ಯಾವ ಗಿಡ ಇದೆ?’ ಅನ್ನುವ ಒಂದೇ ಪ್ರಶ್ನೆಗೆ ಸಾಲ ಕೊಡುವ ನಕಲಿ ಖಾತೆಗಳು ಬಹುಪಾಲು ಬಾಗಿಲಲ್ಲೇ ನಿಲ್ಲುತ್ತವೆ.

ಅಡ್ಮಿನ್ ಆಗಲು ಹೆದರುವವರಿಗೆ ಒಂದು ಸಮಾಧಾನ. ಸದಸ್ಯ ಹಾಕಿದ ಪೋಸ್ಟಿಗೆ ವಾಟ್ಸಾಪ್ ಗ್ರೂಪಿನ ಅಡ್ಮಿನ್ ತಾನಾಗಿಯೇ ಹೊಣೆ ಆಗುವುದಿಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಕಣ್ಣು ಮುಚ್ಚಿ ಕೂರಬೇಡಿ, ಕೆಟ್ಟದ್ದನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅಧಿಕಾರ ಈಗ ಅಡ್ಮಿನ್‌ಗೆ ಇದೆ.

ದುಡ್ಡು ಕೊಟ್ಟು ಜಾಹೀರಾತು ಹಾಕುವುದಾದರೆ

ಮೊದಲು ಪುಕ್ಕಟೆಯದು ಮುಗಿಸಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಂಡರೆ ‘ಹತ್ತಿರದ ಟೈಲರ್’ ಅಂತ ಹುಡುಕುವವರಿಗೆ ಮ್ಯಾಪಿನಲ್ಲಿ ನಿಮ್ಮ ಅಂಗಡಿ ಕಾಣುತ್ತದೆ. ಅವರು ಈಗಾಗಲೇ ಟೈಲರ್ ಬೇಕು ಅಂತ ಹೊರಟವರು. ಇಂಥ ಗಿರಾಕಿಯನ್ನು ಯಾವ ರೀಲೂ ತಂದುಕೊಡುವುದಿಲ್ಲ. ವಾಟ್ಸಾಪ್ ಬಿಸಿನೆಸ್ ಆಪ್ ಕೂಡ ಪುಕ್ಕಟೆ, ಅದರಲ್ಲಿ ಸರಕಿನ ಪಟ್ಟಿಯನ್ನು ಬೆಲೆ ಸಮೇತ ಇಡಬಹುದು. ಇವೆರಡೂ ಇಲ್ಲದೆ ಜಾಹೀರಾತಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಲ್ಲಿ ‘ಬೂಸ್ಟ್’ ಅನ್ನುವ ನೀಲಿ ಬಟನ್ ನೋಡಿರುತ್ತೀರಿ. ಒತ್ತುವುದು ಸುಲಭ. ಊರನ್ನು ಸರಿಯಾಗಿ ಆರಿಸದೆ ಒತ್ತಿದರೆ ಹಾಸನದ ಬೇಕರಿಗೆ ಇನ್ಯಾವುದೋ ರಾಜ್ಯದಿಂದ ಸಾವಿರ ಲೈಕ್ ಬರುತ್ತದೆ. ಬನ್ ಮಾತ್ರ ಒಂದೂ ಜಾಸ್ತಿ ಖರ್ಚಾಗುವುದಿಲ್ಲ. ಅಂಗಡಿಯ ಸುತ್ತ ಇಷ್ಟು ಕಿಲೋಮೀಟರ್ ಅಂತ ಗೆರೆ ಹಾಕಿ. ದಿನಕ್ಕೆ ಇಷ್ಟೇ ಅಂತ ಮಿತಿ ಇಡಿ. ಶೇಕಡಾ 18 ಜಿಎಸ್‌ಟಿ ಮೇಲಿಂದ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ಸಣ್ಣ ಊರಿನ ಅಂಗಡಿಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಆಗ ಎಣಿಸಬೇಕಾದದ್ದು ಒಂದೇ: ಎಷ್ಟು ಜನ ಬೆಲೆ ಕೇಳಿದರು, ಅದರಲ್ಲಿ ಎಷ್ಟು ಜನ ಕೊಂಡರು. ‘ರೀಚ್ 40 ಸಾವಿರ’ ಅಂತ ಆಪ್ ಬೆನ್ನು ತಟ್ಟಿದರೆ ಅದನ್ನು ಹೆಚ್ಚು ಹಚ್ಚಿಕೊಳ್ಳಬೇಡಿ.

ತಾಲೂಕು ಕೇಂದ್ರದಲ್ಲಿ ಮೂರು ದಿನದ ದೀಪಾವಳಿ ಸೇಲ್ ಇದ್ದರೆ ಆಟೋಗೆ ಮೈಕ್ ಕಟ್ಟಿಸುವುದು, ಪೇಪರಿನೊಳಗೆ ಕರಪತ್ರ ಹಾಕಿಸುವುದು ಇವತ್ತಿಗೂ ಸೋಲುವುದಿಲ್ಲ. ಡಿಜಿಟಲ್ ಗೆಲ್ಲುವುದು ಗಿರಾಕಿಗಳು ಚದುರಿ ಹೋಗಿರುವಾಗ. ಧಾರವಾಡದಲ್ಲಿ ಕೂತು ಪುಣೆ, ಸಿಂಗಪುರದ ಕನ್ನಡಿಗರಿಗೆ ಚಟ್ನಿಪುಡಿ ಮಾರಬೇಕು ಅಂದರೆ ಯಾವ ಮೈಕೂ ಅಷ್ಟು ದೂರ ಕೇಳಿಸುವುದಿಲ್ಲ.

ಕೊಲಾಬ್ ಬಂದಾಗ

ಚಾನೆಲ್ ಸ್ವಲ್ಪ ಬೆಳೆದರೆ ‘ನಮ್ಮ ಎಣ್ಣೆ ಬಗ್ಗೆ ಒಂದು ಮಾತು ಹೇಳಿ’ ಅಂತ ಬರುತ್ತಾರೆ. ಹೇಳಿ, ಆದರೆ ಜಾಹೀರಾತು ಅಂತ ಬರೆದೇ ಹೇಳಿ. ಇದರ ಮೇಲೆ ಕಣ್ಣಿಡಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೆ. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನೂ ಕೊಟ್ಟಿದೆ. ದುಡ್ಡು ತಗೊಂಡರೆ ಮಾತ್ರ ಅಲ್ಲ, ಪುಕ್ಕಟೆ ಮಿಕ್ಸಿ, ರೆಸಾರ್ಟ್‌ನಲ್ಲಿ ಎರಡು ದಿನ, ರಿಯಾಯಿತಿ, ಯಾವುದಾದರೂ ಸರಿ, ಹೇಳಲೇಬೇಕು. ವಿಡಿಯೋ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಹೇಳಬೇಕು. ಅಂದರೆ ಕನ್ನಡ ವಿಡಿಯೋಗೆ ಕನ್ನಡದಲ್ಲೇ, ಬರಹದಲ್ಲೂ ಮಾತಲ್ಲೂ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಆ ಪ್ರಾಧಿಕಾರಕ್ಕಿದೆ.

ಪುಕ್ಕಟೆ ಬಂದ ಸರಕಿನ ಬೆಲೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕೊಟ್ಟವರು ಶೇಕಡಾ 10 ಟಿಡಿಎಸ್ (ಮೊದಲೇ ಕಡಿದು ಕಟ್ಟುವ ತೆರಿಗೆ) ಲೆಕ್ಕ ಇಡಬೇಕು ಅನ್ನುವ ನಿಯಮ 2022ರ ಜುಲೈನಿಂದ ಬಂದಿದೆ. ರಿವ್ಯೂ ಮಾಡಿ ಫೋನ್ ವಾಪಸ್ ಕೊಟ್ಟರೆ ಇದು ತಗಲುವುದಿಲ್ಲ.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಆಫರ್ ಬಂದರೆ ಮಾತೇ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆಯಲ್ಲಿ ಅವುಗಳ ಜಾಹೀರಾತು ಮಾಡಿದವರಿಗೂ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಕಥೆ ಹೇಳುವವರಿಗೆ ಓಟಿಟಿಯ ಬಾಗಿಲು

ಕಿರುಚಿತ್ರ, ವೆಬ್ ಸೀರೀಸ್ ಮಾಡುವ ಹುಡುಗರು ‘ಓಟಿಟಿಗೆ ಕೊಡ್ತೀವಿ’ ಅನ್ನುತ್ತಾರೆ. ಲಾಕ್‌ಡೌನ್ ಕಾಲದಲ್ಲಿ, 2020ರ ಜುಲೈನಲ್ಲಿ, ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಥಿಯೇಟರ್‌ಗೆ ಹೋಗದೆ ನೇರ ಪ್ರೈಮ್ ವಿಡಿಯೋಗೆ ಬಂದಾಗ ಬಾಗಿಲು ತೆರೆಯಿತು ಅನ್ನಿಸಿತ್ತು. ಅಷ್ಟು ತೆರೆಯಲಿಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ನಿರ್ಮಿಸಿದ ‘ಏಕಂ’ ಸರಣಿಗೇ ವೇದಿಕೆ ಸಿಗದೆ 2024ರ ಜುಲೈನಲ್ಲಿ ಅದನ್ನು ತಮ್ಮದೇ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಹೆಸರಿರುವವರ ಕಥೆಯೇ ಹೀಗಿದ್ದರೆ ಹೊಸಬರು ಏನು ಮಾಡಬೇಕು? ನನ್ನ ಮಟ್ಟಿಗೆ ಉತ್ತರ ಸರಳ. ಮೊದಲ ಕೆಲಸ ಯೂಟ್ಯೂಬ್‌ಗೆ, ಪುಕ್ಕಟೆಗೆ. ಎರಡನೆಯದನ್ನು ಮಾಡುವ ಹೊತ್ತಿಗೆ ನಿಮ್ಮನ್ನು ನೋಡಿರುವ ಜನ ಇರುತ್ತಾರೆ, ಅವರಲ್ಲೇ ಕೇಳಿ. ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ ಸಿನಿಮಾಕ್ಕೆ ನೋಡುಗರಿಂದಲೇ ಹಣ ಸೇರಿಸಿ 2013ರಲ್ಲಿ ಬಿಡುಗಡೆ ಮಾಡಿದರು. ಆಗ ಯುಪಿಐ ಕೂಡ ಇರಲಿಲ್ಲ.

ಓಟಿಟಿಗಳೂ ಈಗ ಟಿವಿಯ ಹಾದಿಗೇ ಬರುತ್ತಿವೆ. ಪ್ರೈಮ್ ವಿಡಿಯೋ 2025ರ ಜೂನ್‌ನಿಂದ ಭಾರತದಲ್ಲಿ ಜಾಹೀರಾತು ಹಾಕತೊಡಗಿತು. ಬೇಡ ಅಂದರೆ ಮತ್ತಷ್ಟು ದುಡ್ಡು ಕಟ್ಟಬೇಕು.

ಆಪ್ ಮುಚ್ಚಿದರೆ?

ಬೆಂಗಳೂರಿನ ‘ಕೂ’ ನೆನಪಿದೆಯಾ? 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ, ಟ್ವಿಟರ್‌ನಂಥ ಆಪ್ ಅದು. ಮಂತ್ರಿಗಳು, ಸಿನಿಮಾದವರು, ಕವಿಗಳು ಎಲ್ಲ ಹೋಗಿ ಖಾತೆ ತೆರೆದರು. 2024ರ ಜುಲೈನಲ್ಲಿ ಅದು ಮುಚ್ಚಿತು. ಆರ್ಕುಟ್ 2014ರಲ್ಲಿ ಹೋಗಿತ್ತು, ಗೂಗಲ್ ಪ್ಲಸ್ 2019ರಲ್ಲಿ. ಟಿಕ್‌ಟಾಕ್‌ನಲ್ಲಿ ಲಕ್ಷಗಟ್ಟಲೆ ಫಾಲೋವರ್‌ಗಳಿದ್ದ ನಮ್ಮ ಹಳ್ಳಿಯ ಹುಡುಗ ಹುಡುಗಿಯರು ಒಂದೇ ರಾತ್ರಿಯಲ್ಲಿ ಸೊನ್ನೆಗೆ ಬಂದರು. ಹಾಗಾಗಿ ಯಾವುದನ್ನೇ ಆರಿಸಿ, ಹೊರಬರುವ ದಾರಿಯನ್ನೂ ಈಗಲೇ ನೋಡಿಟ್ಟುಕೊಳ್ಳಿ.

ಇದರಲ್ಲೂ ಹೋಲಿಕೆ ಇದೆ. ಯೂಟ್ಯೂಬ್‌ಗೆ ಹಾಕಿದ್ದನ್ನು ಗೂಗಲ್ ಟೇಕ್‌ಔಟ್ ಮೂಲಕ ವಾಪಸ್ ಇಳಿಸಿಕೊಳ್ಳಬಹುದು. ಇನ್‌ಸ್ಟಾಗ್ರಾಮ್‌ನಲ್ಲೂ ನಿಮ್ಮ ಫೋಟೋ, ವಿಡಿಯೋ ಸಿಗುತ್ತದೆ, ಆದರೆ ಫಾಲೋವರ್‌ಗಳನ್ನು ಬೇರೆ ಕಡೆ ಕರೆದೊಯ್ಯಲು ಆಗುವುದಿಲ್ಲ. ವಾಟ್ಸಾಪ್ ಗ್ರೂಪ್ ಮುರಿದರೂ ಜನರ ನಂಬರ್ ಕೈಯಲ್ಲಿ ಉಳಿಯುತ್ತದೆ. ಈ ಒಂದು ಲೆಕ್ಕದಲ್ಲಿ ಎಲ್ಲಕ್ಕಿಂತ ಹಳೆಯ ದಾರಿಯೇ ಗಟ್ಟಿ. ಒಪ್ಪಿಗೆ ಕೇಳಿ ಪಡೆದ ಹೆಸರು, ನಂಬರ್, ಊರು ಇರುವ ಒಂದು ಪಟ್ಟಿ, ಅದು ಎಕ್ಸೆಲ್ ಆಗಲಿ ನೋಟ್‌ಬುಕ್ ಆಗಲಿ, ನಿಮ್ಮ ಹತ್ತಿರ ಇರಲಿ. ಮೂಲ ವಿಡಿಯೋಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿಡಿ, ಫೋನ್ ತುಂಬಿತು ಅಂತ ಅಳಿಸಬೇಡಿ.

ಸಂಘ ಸಂಸ್ಥೆಯವರಿಗೆ ಇನ್ನೊಂದು ಕಿವಿಮಾತು. ಚಾನೆಲ್ ಶುರು ಮಾಡುವಾಗ ಯಾರೋ ಒಬ್ಬ ಹುರುಪಿನ ಹುಡುಗನ ಸ್ವಂತ ಜಿಮೇಲ್‌ನಿಂದ ಮಾಡಿಬಿಡುತ್ತಾರೆ. ಎರಡು ವರ್ಷಕ್ಕೆ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತದೆ, ಕಾರ್ಯದರ್ಶಿ ಬದಲಾಗುತ್ತಾರೆ, ಪಾಸ್‌ವರ್ಡ್ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿರುವುದಿಲ್ಲ. ಸಂಘದ ಹೆಸರಲ್ಲೇ ಒಂದು ಜಿಮೇಲ್ ಮಾಡಿ, ಎರಡು ಹಂತದ ಭದ್ರತೆ ಹಾಕಿ. ಯೂಟ್ಯೂಬ್ ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ‘ಪರ್ಮಿಷನ್ಸ್’ ಅಂತ ಇದೆ. ಅಲ್ಲಿಂದ ಇಬ್ಬರಿಗಾದರೂ ಮ್ಯಾನೇಜರ್ ಅಧಿಕಾರ ಕೊಡಿ, ಆಗ ಪಾಸ್‌ವರ್ಡ್ ಹಂಚುವ ಅಗತ್ಯವೇ ಬರುವುದಿಲ್ಲ. ವಾಟ್ಸಾಪ್ ಗ್ರೂಪಿಗೂ ಇಬ್ಬರು ಅಡ್ಮಿನ್ ಇರಲಿ. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರದ ಜೊತೆ ಈ ಖಾತೆಗಳನ್ನೂ ಹೊಸ ಪದಾಧಿಕಾರಿಗಳಿಗೆ ಒಪ್ಪಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.